ಟೀಚರಿಗೊಂದು ಸಮ್ಮಾನಂ

ನನ್ನ ತವರಿನಲ್ಲಿ ಬೆಳಗ್ಗೆ ಏಳು ಗಂಟೆ ಏಳು ಸಲ ಆಗುತ್ತಿತ್ತು. ಚಾವಡಿಯಲ್ಲಿ ಮೂರು, ಊಟದ ಕೋಣೆಯಲ್ಲಿ ಒಂದು, ಮಲಗುವ ಕೋಣೆಗಳಲ್ಲಿ ಎರಡು, ಇನ್ನೊಂದು ಎಲ್ಲೂ ಜಾಗ ಸಿಗದೆ ಬಚ್ಚಲಿನ ಹೊರಗೋಡೆಯಲ್ಲಿ. ಒಟ್ಟು ಏಳು ಗೋಡೆ ಗಡಿಯಾರ. ಒಂದಕ್ಕೊಂದು ಮಾತಿಲ್ಲ. ಒಂದು ಏಳು ಹೊಡೆದು ಸುಮ್ಮನಾಗುವಾಗ ಇನ್ನೊಂದಕ್ಕೆ ಎಚ್ಚರ ಆಗುತ್ತಿತ್ತು. ಎಲ್ಲವೂ ಅಪ್ಪ ಶಾಲೆಯಿಂದ ನಿವೃತ್ತರಾದಾಗ ಬಂದವು.

ಅಪ್ಪ ಕನ್ನಡ ಮಾಸ್ಟ್ರು. ಕೇರಳದಲ್ಲಿ ಆಗ 55 ವರ್ಷಕ್ಕೇ ಮಾಸ್ಟ್ರುಗಳನ್ನು ಮನೆಗೆ ಕಳುಹಿಸುತ್ತಿದ್ದರು. 32 ವರ್ಷ ಬೆಲ್ಲಿಗೆ ಎದ್ದು ಬೆಲ್ಲಿಗೆ ಕೂತ ಮನುಷ್ಯ. ಇನ್ನು ಗಂಟೆ ನೋಡುವ ಕೆಲಸವೇ ಇಲ್ಲ ಅಂತಾದ ದಿನ ಅವರಿಗೆ ಏಳು ಗಡಿಯಾರ ಕೊಡುವುದು ಯಾವ ನ್ಯಾಯ? ನಾನು ಒಮ್ಮೆ ಕೇಳಿದೆ. ಅಪ್ಪ ಹೇಳಿದರು, "ಕೊಟ್ಟವರಿಗೆ ಅಂಗಡಿಯಲ್ಲಿ ಅದೇ ಕಂಡದ್ದು. ಅಂಗಡಿಯವನಿಗೆ ಅದೇ ಖರ್ಚಾಗದೆ ಉಳಿದದ್ದು."

ಹಾಗಾಗಿ ಟೀಚರುಗಳಿಗೆ ಉಡುಗೊರೆ ಕೊಡುವ ವಿಷಯದಲ್ಲಿ ನನಗೆ ಎರಡೂ ಕಡೆಯ ಅನುಭವ ಉಂಟು. ತೆಗೆದುಕೊಳ್ಳುವ ಮನೆಯಲ್ಲಿ ಹುಟ್ಟಿದವಳು ನಾನು. ಕೊಡುವುದರಲ್ಲಂತೂ ಮೂರನೇ ಕ್ಲಾಸಿನಿಂದಲೇ ಪಳಗಿದವಳು. ಅಲ್ಲಿಂದ ಇಲ್ಲಿಯವರೆಗೆ ಒಂದೂ ಸರಿ ಹೋಗಿಲ್ಲ ಅನ್ನುವುದು ಬೇರೆ ಮಾತು.

ಮೂರನೇ ಕ್ಲಾಸಿನ ಕಥೆ ಹೇಳಿಬಿಡುತ್ತೇನೆ. ನಮ್ಮ ಕ್ಲಾಸಿನ ಮಾಸ್ಟ್ರು ದೂರದವರು. ಮದುವೆ ಆಗಿರಲಿಲ್ಲ. ಶಾಲೆಯ ಹತ್ತಿರ ಒಂದು ಕೋಣೆ ಹಿಡಿದು ಇದ್ದರು. ಆಗೆಲ್ಲ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಳಗಿನ ನಮ್ಮ ಊರುಗಳಲ್ಲಿ ಉಡುಗೊರೆ ಅಂದರೆ ತೋಟದಲ್ಲಿ ಬೆಳೆದದ್ದು. ಕಾಗದ ಸುತ್ತುವುದು, ರಿಬ್ಬನ್ ಕಟ್ಟುವುದು ಗೊತ್ತಿಲ್ಲ. ಬಸಳೆ ಆದಾಗ ಬಸಳೆ, ತೊಂಡೆಕಾಯಿ ಆದಾಗ ತೊಂಡೆಕಾಯಿ. ಕಷ್ಟ ಏನೆಂದರೆ ನಮ್ಮಲ್ಲಿ ಆಗುವಾಗಲೇ ಎಲ್ಲರಲ್ಲೂ ಆಗುತ್ತದೆ. ಮಾರ್ಚಿನಲ್ಲಿ ಮಾಸ್ಟ್ರ ಕೋಣೆಯ ಮಾಡಿನ ಪಕ್ಕಾಸಿಗೆ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ನೇತು ಹಾಕಿರುತ್ತಿದ್ದರು. ನಾನು ಎಣಿಸಿದ್ದೇನೆ, 23. ಒಬ್ಬ ಮನುಷ್ಯ, 23 ಸೌತೆಕಾಯಿ. ಕೆಳಗೆ ಚಾಪೆ ಹಾಸಿ ಅವರು ಹೇಗೆ ಮಲಗುತ್ತಿದ್ದರೋ. ನಾರು ಬಿಟ್ಟರೆ ಮುಗಿಯಿತು.

ಆ ವರ್ಷ ಜೂನ್ ತಿಂಗಳಲ್ಲಿ ಅಮ್ಮ ಹೊಸದಾಗಿ ಯೋಚನೆ ಮಾಡಿದರು. ಎಲ್ಲರೂ ಕೊಡುವುದು ಬೇಡ, ನಾವು ಹಲಸಿನಹಣ್ಣು ಕೊಡುವ. ಒಳ್ಳೆ ಬಕ್ಕೆ ಹಲಸು. ಅಣ್ಣ ಗೋಣಿ ಮಡಚಿ ತಲೆಗಿಟ್ಟು ಹಣ್ಣು ಹೊತ್ತ. ನಾನು ಕೊಡೆ ಹಿಡಿದೆ, ಹಣ್ಣಿಗೆ. ಕ್ಲಾಸಿಗೆ ಹೋಗಿ ನೋಡಿದರೆ ನೆಲ ಎಲ್ಲ ಸೋರಿ ಒದ್ದೆ. ಮೇಜಿನ ಮೇಲೆ ಹಾಜರಿ ಪುಸ್ತಕ, ಕಾಪಿ ಪುಸ್ತಕಗಳ ರಾಶಿ. ಒಣಗಿದ್ದ ಒಂದೇ ಜಾಗ ಮಾಸ್ಟ್ರ ಕುರ್ಚಿ. ಅಲ್ಲೇ ಇಟ್ಟೆವು.

ಮಾಸ್ಟ್ರು ಬಂದರು. ನಕ್ಕರು. ಹಣ್ಣನ್ನು ಎತ್ತಿ ಮೂಲೆಗಿಟ್ಟು ಕುರ್ಚಿಯಲ್ಲಿ ಕೂತರು. ಹಲಸಿನ ತೊಟ್ಟಿನಿಂದ ಇಳಿದ ಮೇಣ ಕುರ್ಚಿಯ ಮೇಲೆ ಅಂಗೈ ಅಗಲಕ್ಕೆ ಹರಡಿತ್ತು. ಅದು ಅವರಿಗೂ ಕಾಣಲಿಲ್ಲ, ನಮಗೂ ಕಾಣಲಿಲ್ಲ. ಬಿಳಿ ಮುಂಡು, ಹೊಸತು. ಮೊದಲ ಪಿರಿಯಡ್ ಮುಗಿದು ಬೆಲ್ ಹೊಡೆಯಿತು. ಮಾಸ್ಟ್ರು ಎದ್ದರು. ಕುರ್ಚಿಯೂ ಎದ್ದಿತು.

ಅವರು ಕೂಡಲೇ ಕೂತುಬಿಟ್ಟರು. ಮುಖದಲ್ಲಿ ಏನೂ ತೋರಿಸಲಿಲ್ಲ. "ಮಗ್ಗಿ ಹೇಳಿ" ಅಂದರು. ಎರಡರಿಂದ ಸುರುಮಾಡಿ ಹದಿನಾರರವರೆಗೆ ಮಗ್ಗಿ ಹೇಳಿಸಿದರು. ಆಮೇಲೆ ಕೆಳಗಿನಿಂದ ಮೇಲಕ್ಕೆ ಹೇಳಿಸಿದರು. ಅಷ್ಟರಲ್ಲಿ ಅಣ್ಣನನ್ನು ಕರೆದು ಕಿವಿಯಲ್ಲಿ ಏನೋ ಹೇಳಿ ಮಧ್ಯಾಹ್ನದ ಗಂಜಿ ಬೇಯಿಸುವ ಅಕ್ಕನ ಹತ್ತಿರ ಕಳುಹಿಸಿದರು. ಅವರು ಗಿಂಡಿಯಲ್ಲಿ ತೆಂಗಿನೆಣ್ಣೆ ತಂದರು. ಹಲಸಿನ ಮೇಣಕ್ಕೆ ಎಣ್ಣೆ ಬಿಟ್ಟರೆ ಬೇರೆ ಮದ್ದಿಲ್ಲ, ನಮ್ಮ ಕಡೆ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಕ್ಕಳನ್ನು ಹೊರಗೆ ಕಳುಹಿಸಿ ಬಾಗಿಲು ಮುಚ್ಚಿದರು. ಒಳಗೆ ಏನಾಯಿತೋ ಗೊತ್ತಿಲ್ಲ. ಮಾಸ್ಟ್ರು ಹೊರಗೆ ಬಂದಾಗ ನಮ್ಮ ಗೋಣಿ ಅವರ ಸೊಂಟದಲ್ಲಿತ್ತು.

ಬೈಯಲಿಲ್ಲ, ಪಾಪ. ಮುಂದಿನ ವರ್ಷ ಹಲಸು ಆಗುವ ಹೊತ್ತಿಗೆ ಮಾತ್ರ ನನ್ನನ್ನು ಕರೆದು, "ಈ ಸಲ ಹಪ್ಪಳ ಮಾಡಿ ಕಳುಹಿಸಲಿಕ್ಕೆ ಹೇಳು ಅಮ್ಮನ ಹತ್ತಿರ" ಅಂದರು.

ಅಪ್ಪನಿಗೆ ಬಂದ ಉಡುಗೊರೆಗಳಲ್ಲಿ ಉಪಯೋಗಕ್ಕೆ ಬಂದದ್ದು ಒಂದೇ, ಕೊಡೆ. ಕಾಸರಗೋಡಿನ ಮಳೆಗಾಲಕ್ಕೆ ಕೊಡೆ ಅಂದರೆ ಬಂಗಾರ. ಏಳನೇ ಕ್ಲಾಸಿನ ಹುಡುಗನೊಬ್ಬ ಕೊಟ್ಟದ್ದು. ನಮ್ಮಲ್ಲಿ ಕೊಡೆ ತಂದ ಕೂಡಲೇ ಅದಕ್ಕೆ ಬಿಳಿ ಪೈಂಟಿನಲ್ಲಿ ಹೆಸರು ಬರೆಸುವ ಕ್ರಮ. ಇಲ್ಲದಿದ್ದರೆ ಬಸ್ಸಿನಲ್ಲಿ ಹತ್ತು ಕರಿ ಕೊಡೆಗಳ ನಡುವೆ ನಮ್ಮದು ಯಾವುದು ಅಂತ ಗೊತ್ತಾಗುವುದು ಹೇಗೆ? ಆ ಹುಡುಗ ಪಾಪದವನು, ತನ್ನ ಹೆಸರನ್ನೇ ಬರೆಸಿ ಕೊಟ್ಟಿದ್ದ. ಹೆಸರು, ಕೆಳಗೆ '7 ಬಿ'. ಅಪ್ಪ ನಾಲ್ಕು ಮಳೆಗಾಲ ಅದನ್ನೇ ಹಿಡಿದರು. ಹುಡುಗ ಹೈಸ್ಕೂಲು ಮುಗಿಸಿದ, ಅಪ್ಪ ಮಾತ್ರ ಇನ್ನೂ 7 ಬಿಯಲ್ಲೇ ಇದ್ದರು. ಕುಂಬಳೆ ಪೇಟೆಯಲ್ಲಿ ಒಬ್ಬ ಕಂಡಕ್ಟರ್ ಅವರನ್ನು ಆ ಹುಡುಗನ ಹೆಸರಿನಿಂದಲೇ ಕರೆಯುತ್ತಿದ್ದ. ಅಪ್ಪ ಓ ಅನ್ನುತ್ತಿದ್ದರು.

ಇಷ್ಟು ಪೀಠಿಕೆ ಯಾಕೆ ಅಂದರೆ, ಓಣಂ ಹೊತ್ತಿಗೆ ನಮ್ಮ ಮಗಳ ಶಾಲೆಯಲ್ಲಿ ಒಂದು ಸಂಗತಿ ನಡೆಯಿತು. ಅದಕ್ಕೆ ನಾನೇ ಕಾರಣ ಅಂತ ಊರಿನವರು ಹೇಳುತ್ತಾರೆ. ನನ್ನ ಮೊಬೈಲಿನ ಕೀಬೋರ್ಡ್ ಕಾರಣ ಅಂತ ನಾನು ಹೇಳುತ್ತೇನೆ.

ಮಗಳು ನಾಲ್ಕನೇ ಕ್ಲಾಸು, ಕನ್ನಡ ಮೀಡಿಯಂ. ಕ್ಲಾಸಿನಲ್ಲಿ 17 ಮಕ್ಕಳು. ಅದೇ ಶಾಲೆಯಲ್ಲಿ ಮಲಯಾಳಂ ಡಿವಿಜನ್ ಕೂಡ ಉಂಟು. ಹಾಗಾಗಿ ಪಿಟಿಎಯ, ಅಂದರೆ ಹೆತ್ತವರ ಮತ್ತು ಟೀಚರುಗಳ ಸಂಘದ, ಸೂಚನೆಗಳೆಲ್ಲ ಮಲಯಾಳಂನಲ್ಲಿ ಬರುತ್ತವೆ. ಅವುಗಳನ್ನು ನಮ್ಮ ಕ್ಲಾಸಿನ ಗುಂಪಿಗೆ ಕನ್ನಡದಲ್ಲಿ ಹಾಕುವ ಕೆಲಸ ನನ್ನದು. ಯಾರೂ ವಹಿಸಿದ್ದಲ್ಲ. ಪಿಎಸ್‌ಸಿ ಪರೀಕ್ಷೆ ಬರೆಯಬೇಕು ಅಂತ ಒಂದು ಕಾಲದಲ್ಲಿ ಮಲಯಾಳಂ ಓದಲು ಬರೆಯಲು ಕಲಿತಿದ್ದೆ. ಕೆಲಸ ಸಿಗಲಿಲ್ಲ, ಈ ಕೆಲಸ ಸಿಕ್ಕಿತು.

ಎರಡು ಭಾಷೆ ಅಕ್ಕಪಕ್ಕ ಇದ್ದಾಗ ಎಡವುವುದು ದೊಡ್ಡ ಶಬ್ದಗಳಲ್ಲಿ ಅಲ್ಲ, ಸಣ್ಣ ಶಬ್ದಗಳಲ್ಲಿ. ಜೂನ್‌ನಲ್ಲಿ ಒಮ್ಮೆ ಇಡೀ ಶಾಲೆಯ ಗುಂಪಿಗೆ ಅವಸರದಲ್ಲಿ, "ಮಕ್ಕಳ ಪಟ್ಟಿ ಬೇಗ ಕಳುಹಿಸಿ" ಅಂತ ಧ್ವನಿ ಸಂದೇಶ ಹಾಕಿದ್ದೆ. ಮಲಯಾಳಂನಲ್ಲಿ ಪಟ್ಟಿ ಅಂದರೆ ನಾಯಿ. ಚೆರುವತ್ತೂರು ಕಡೆಯ ಒಬ್ಬ ತಾಯಿ ಗಾಬರಿಯಿಂದ ಫೋನ್ ಮಾಡಿ, ಯಾರ ಮಗುವಿಗೆ ನಾಯಿ ಕಚ್ಚಿತು ಅಂತ ಕೇಳಿದರು. ಸಮಾಧಾನ ಮಾಡುವಾಗ ಸಾಕುಬೇಕಾಯಿತು.

ಅದರಿಂದಲೂ ನಾನು ಬುದ್ಧಿ ಕಲಿತಿರಲಿಲ್ಲ ಅಂತ ಕಾಣುತ್ತದೆ.

ಸೆಪ್ಟೆಂಬರ್ 5 ಶಿಕ್ಷಕರ ದಿನ. 1962ರಲ್ಲಿ ರಾಧಾಕೃಷ್ಣನ್ ರಾಷ್ಟ್ರಪತಿ ಆದಂದಿನಿಂದ ಅವರ ಹುಟ್ಟುಹಬ್ಬವನ್ನೇ ಹಾಗೆ ಆಚರಿಸುವುದು ಎಲ್ಲರಿಗೂ ಗೊತ್ತು. ಆದರೆ 2025ರಲ್ಲಿ ಓಣಂನ ಮುಖ್ಯ ದಿನವಾದ ತಿರುವೋಣವೂ ಅದೇ ದಿನ ಬಂತು, ಪ್ರವಾದಿಗಳ ಹುಟ್ಟುಹಬ್ಬದ ನಬಿದಿನವೂ ಅದೇ ದಿನ ಬಂತು. ಮಹಾಬಲಿ ಬರುವ ದಿನ ಶಾಲೆಗೆ ಯಾರು ಬರುತ್ತಾರೆ? ಶಾಲೆಗೆ ಹತ್ತು ದಿನ ರಜೆ. ಹಾಗಾಗಿ ಆಗಸ್ಟ್ ಕೊನೆಗೆ, ರಜೆ ಕೊಡುವ ದಿನದ ಓಣಾಘೋಷದಲ್ಲೇ, ಅಂದರೆ ಶಾಲೆಯ ಓಣಂ ಆಚರಣೆಯಲ್ಲೇ, ಟೀಚರುಗಳದ್ದನ್ನೂ ಸೇರಿಸಿ ಮುಗಿಸುವುದು ಅಂತಾಯಿತು.

ಏನು ಕೊಡುವುದು? ಗುಂಪಿನಲ್ಲಿ ಚರ್ಚೆ ಸುರುವಾಯಿತು. ಒಬ್ಬರು ಕಪ್ಪು ಅಂದರು, ಅದೇ ಕಾಫಿ ಕುಡಿಯುವ ಕಪ್ಪು, 'ಬೆಸ್ಟ್ ಟೀಚರ್' ಅಂತ ಬರೆದದ್ದು. ಅಂಥದ್ದು ಟೀಚರ ಹತ್ತಿರ ಈಗಾಗಲೇ ಆರು ಉಂಟು ಅಂತ ಮಗಳು ವರದಿ ಕೊಟ್ಟಳು. ಒಬ್ಬರು ಕಾಸರಗೋಡು ಸೀರೆ ಕೊಡುವ ಅಂದರು. ನನಗೂ ಅದು ಸರಿ ಕಂಡಿತ್ತು. ನಮ್ಮೂರಿನ ಹೆಸರಿನ ಕೈಮಗ್ಗದ ಸೀರೆ, 1938ರಲ್ಲಿ ಸುರುವಾದ ನೇಕಾರರ ಸಹಕಾರ ಸಂಘದ್ದು. ಹತ್ತಿಯದ್ದು, ಬಣ್ಣ ಗಟ್ಟಿ, ಊರಿನ ವಿಶೇಷ ವಸ್ತುಗಳಿಗೆ ಕೊಡುವ ಜಿಐ ಗುರುತೂ ಉಂಟು. ಆದರೆ ತಲಾ 50 ರೂಪಾಯಿಯಂತೆ 17 ಮಕ್ಕಳಿಂದ 850 ಆಗುತ್ತದೆ. ಅಷ್ಟಕ್ಕೆ ಸೆರಗು ಬರಬಹುದು ಅಂತ ಒಬ್ಬರು ಹೇಳಿದರು.

ಇನ್ನೊಬ್ಬರು ಪರಿಸರದ ಕಾಳಜಿಯವರು. ಸಿಪಿಸಿಆರ್‌ಐಯಿಂದ ಒಳ್ಳೆ ಜಾತಿಯ ತೆಂಗಿನ ಸಸಿ ತಂದು ಕೊಡುವ ಅಂದರು. 1916ರಿಂದ ತೆಂಗಿನ ಮೇಲೆ ಸಂಶೋಧನೆ ನಡೆಯುವ ಜಾಗ ನಮ್ಮ ಕಾಸರಗೋಡಿನಲ್ಲೇ ಇರುವಾಗ ಕಪ್ಪು ಕೊಡುವುದು ನಾಚಿಕೆ ಅಂದರು. ಮಾತು ಸರಿಯೇ. ಆದರೆ ನಮ್ಮ ಟೀಚರ್ ಇರುವುದು ಬಾಡಿಗೆ ಕೋಣೆಯಲ್ಲಿ, ಮೇಲಿನ ಮಾಳಿಗೆಯಲ್ಲಿ. ಅದಲ್ಲದೆ ಅವರು ಡೈಲಿ ವೇಜಸ್ ಟೀಚರ್. ತೆಂಗು ಕಾಯಿ ಬಿಡಲು ಐದಾರು ವರ್ಷ ಬೇಕು. ಟೀಚರ ಕೆಲಸ ಇರುವುದು ಮಾರ್ಚಿನವರೆಗೆ.

ಈ ಗಲಾಟೆಯ ನಡುವೆ ಪಿಟಿಎಯ ಒಬ್ಬರಿಂದ ಮಲಯಾಳಂನಲ್ಲಿ ಸಂದೇಶ ಬಂತು. 'ಓರೋ ಕ್ಲಾಸುಂ ಅವರವರುಡೆ ಟೀಚರ್‌ಕ್ಕ್ ಒರು ಚೆರಿಯ ಸಮ್ಮಾನಂ ಕೊಡುಕ್ಕಣಂ.' ಪ್ರತಿ ಕ್ಲಾಸಿನವರೂ ಅವರವರ ಟೀಚರಿಗೆ ಒಂದು ಸಣ್ಣ ಉಡುಗೊರೆ ಕೊಡಬೇಕು ಅಂತ. ಮಲಯಾಳಂನಲ್ಲಿ ಸಮ್ಮಾನಂ ಅಂದರೆ ಉಡುಗೊರೆ, ಬಹುಮಾನ. ಲಾಟರಿಯವನು ಒನ್ನಾಂ ಸಮ್ಮಾನಂ ಅಂತ ಕೂಗುವುದನ್ನು ಕೇಳಿಯೇ ಬೆಳೆದವರು ನಾವು. ನಾನು ರಾತ್ರಿ ಹತ್ತೂವರೆಗೆ, ಒಂದು ಕಣ್ಣಿನಲ್ಲಿ ನಿದ್ದೆ ಮಾಡುತ್ತಾ, 'ಟೀಚರಿಗೆ ಒಂದು ಸಮ್ಮಾನ ಕೊಡಬೇಕು' ಅಂತ ಕುಟ್ಟಿದೆ. ಕನ್ನಡ ಕೀಬೋರ್ಡಿಗೆ ನನಗಿಂತ ಜಾಸ್ತಿ ಕನ್ನಡ ಗೊತ್ತು. ಅದು ತಿದ್ದಿತು. 'ಟೀಚರಿಗೆ ಒಂದು ಸನ್ಮಾನ ಕೊಡಬೇಕು.' ನಾನು ಕಳುಹಿಸಿ ಮಲಗಿದೆ.

ಬೇರೆ ಮನೆಯಲ್ಲಾದರೆ ಇಷ್ಟಕ್ಕೆ ಏನೂ ಆಗುತ್ತಿರಲಿಲ್ಲ. ನಮ್ಮ ಮನೆಯವರ ವಿಷಯ ನಿಮಗೆ ಹೇಳಲಿಲ್ಲ. ಅವರು ಊರಿನ ಯಕ್ಷಗಾನ ಸಂಘದ ಕಾರ್ಯದರ್ಶಿ. ಹದಿನೈದು ವರ್ಷದಿಂದ ಅವರು ಮಾಡುತ್ತಿರುವುದು ಸನ್ಮಾನವೇ. ಮಧ್ಯೆ ಮಧ್ಯೆ ಯಕ್ಷಗಾನವೂ ಇರುತ್ತದೆ. ಭಾಗವತರಿಗೆ ಸನ್ಮಾನ, ಚೆಂಡೆಯವರಿಗೆ ಸನ್ಮಾನ, ಚಹಾ ಕೊಡುವ ಅಣ್ಣನಿಗೆ ಸನ್ಮಾನ. ನಮ್ಮ ಕಪಾಟಿನಲ್ಲಿ ನನ್ನ ಸೀರೆಗಿಂತ ಶಾಲು ಜಾಸ್ತಿ. ಅರ್ಧರಾತ್ರಿಯಲ್ಲಿ ಯಾರಾದರೂ ಬಂದು ಬಾಗಿಲು ತಟ್ಟಿದರೂ ಸನ್ಮಾನ ಮಾಡಿ ಕಳುಹಿಸುವಷ್ಟು ಸಾಮಾನು ಯಾವಾಗಲೂ ತಯಾರು.

ಬೆಳಗ್ಗೆ ನಾನು ದೋಸೆ ಹೊಯ್ಯುವಾಗ ಅವರು ಮೊಬೈಲ್ ಹಿಡಿದು ಬಂದರು. ಕಣ್ಣಲ್ಲಿ ಹೊಳಪು.

"ನೀನು ಬೇಡ, ಎಲ್ಲ ನಾನು ನೋಡಿಕೊಳ್ಳುತ್ತೇನೆ."

"ಎಂತ?"

"ಸನ್ಮಾನ."

ನಾನು ಗಿಫ್ಟ್ ತರುವ ಜವಾಬ್ದಾರಿ ಅಂತ ತಿಳಿದೆ. ಗಂಡ ತಾನಾಗಿ ಒಂದು ಕೆಲಸ ವಹಿಸಿಕೊಂಡದ್ದು ನೋಡಿ ಖುಷಿಯಾಗಿ ಇನ್ನೊಂದು ದೋಸೆ ಹಾಕಿದೆ. ಆ ದೋಸೆ ಈಗಲೂ ನೆನಪಾದರೆ ಹೊಟ್ಟೆ ಉರಿಯುತ್ತದೆ.

ಇತ್ತ ಮಗಳು ತನ್ನದೇ ಲೆಕ್ಕದಲ್ಲಿ ಇದ್ದಳು. ಅಪ್ಪ ಈಗ ನಮ್ಮ ಜೊತೆಗೇ ಇದ್ದಾರೆ, ಒಂದು ಗಡಿಯಾರದೊಂದಿಗೆ. ಅವಳು ಅಜ್ಜನ ಹತ್ತಿರ ಹೋಗಿ ಕೇಳಿದಳು, "ಅಜ್ಜ, ಟೀಚರುಗಳಿಗೆ ಎಂತ ಬೇಕಾಗ್ತದೆ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅಪ್ಪನ ಹತ್ತಿರ ಯಾರೂ ಕೇಳಿರಲಿಲ್ಲ. ಅಪ್ಪ ಪೇಪರ್ ಮಡಚಿಟ್ಟರು. ಸ್ವಲ್ಪ ಹೊತ್ತು ಯೋಚಿಸಿ, "ಸ್ವರ" ಅಂದರು.

"ಸ್ವರವಾ?"

"ಹೌದು ಮಗಾ. ಸೋಮವಾರ ಇದ್ದ ಸ್ವರ ಶುಕ್ರವಾರಕ್ಕೆ ಇರುವುದಿಲ್ಲ. ಮಳೆಗಾಲದಲ್ಲಿ ಮಾಡಿನ ಮೇಲೆ ಮಳೆ ಹೊಯ್ಯುವಾಗ ಕೊನೆಯ ಬೆಂಚಿಗೆ ಕೇಳಬೇಕಾದರೆ ಕಿರುಚಲೇಬೇಕು. ಮತ್ತೆ ಚಾಕಿನ ಹುಡಿ. ನಾನು ಕಿಸೆಯಲ್ಲಿ ಕಲ್ಲುಸಕ್ಕರೆ, ಕರಿಮೆಣಸು ಇಟ್ಟುಕೊಳ್ಳುತ್ತಿದ್ದೆ. 32 ವರ್ಷ ಅದರಲ್ಲೇ ಕಳೆದೆ."

ಮಗಳಿಗೆ ಅಷ್ಟು ಸಾಕಾಯಿತು. ಒಂದು ಸಣ್ಣ ಸ್ಟೀಲಿನ ಕರಡಿಗೆ ಹುಡುಕಿದಳು. ತೋಟದ ಕರಿಮೆಣಸು ಅಡಿಗೆ ಮನೆಯಲ್ಲಿತ್ತು. ಕಲ್ಲುಸಕ್ಕರೆ ಎಲ್ಲಿ ಅಂತ ನನ್ನನ್ನು ಕೇಳಲಿಲ್ಲ, ಗುಟ್ಟಿನ ಉಡುಗೊರೆ ಅಲ್ವಾ. ಅಜ್ಜನ ಕೋಣೆಯ ಕನ್ನಡಿಯ ಎದುರು ಒಂದು ಡಬ್ಬಿಯಲ್ಲಿ ಬೆಳ್ಳಗೆ, ಹೊಳೆಯುವ ಹರಳುಗಳು ಇದ್ದವು. ಅಜ್ಜ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದದ್ದು ಇದೇ ಅಂತ ತುಂಬಿಸಿದಳು. ಅಪ್ಪ ಈಗಲೂ ಹಳೇ ಕ್ರಮದಲ್ಲಿ ಗಡ್ಡ ತೆಗೆಯುವವರು. ಅದು ಗಡ್ಡ ತೆಗೆದ ಮೇಲೆ ಕೆನ್ನೆಗೆ ಉಜ್ಜುವ ಪಟಿಕ.

ಓಣಾಘೋಷದ ದಿನ ಬೆಳಗ್ಗಿನಿಂದಲೇ ಮಳೆ. ಆದರೂ ಶಾಲೆಯ ಜಗಲಿಯಲ್ಲಿ ಮಕ್ಕಳು ಪೂಕಳಂ, ಅಂದರೆ ಹೂವಿನ ರಂಗೋಲಿ, ಹಾಕಿದ್ದರು. ಏಳನೇ ಕ್ಲಾಸಿನ ದಪ್ಪದ ಹುಡುಗನೊಬ್ಬ ಹತ್ತಿಯ ಮೀಸೆ, ಕಿರೀಟ, ಓಲೆಕೊಡೆ ಎಲ್ಲ ಸೇರಿ ಮಾವೇಲಿ, ಅಂದರೆ ಮಹಾಬಲಿ, ಆಗಿದ್ದ. ಹೊಟ್ಟೆಗೆ ದಿಂಬು ಕಟ್ಟುವ ಅಗತ್ಯ ಬಿದ್ದಿರಲಿಲ್ಲ. ಹಗ್ಗಜಗ್ಗಾಟ ಮುಗಿದು, ಬಾಳೆಲೆ ಊಟ ಮುಗಿದು, ಪಾಯಸದ ಎರಡನೇ ಸುತ್ತಿಗೆ ಎಲ್ಲರೂ ತೂಕಡಿಸುವ ಹೊತ್ತು. ಒಂದೊಂದು ಕ್ಲಾಸಿನವರು ಹೋಗಿ ಅವರವರ ಟೀಚರಿಗೆ ಉಡುಗೊರೆ ಕೊಟ್ಟರು. ಒಂದು ಪೆನ್ನು, ಒಂದು ಡೈರಿ, ಒಂದು ಹೂವಿನ ಗಿಡ. ಐದನೇ ಕ್ಲಾಸಿನವರು ಟೀಚರ ಹೆಸರಿನಲ್ಲಿ ಶಾಲೆಯ ಲೈಬ್ರರಿಗೆ ಎರಡು ಪುಸ್ತಕ ಕೊಟ್ಟರು. ತಲಾ ಅರ್ಧ ನಿಮಿಷ. ಹೆಡ್ ಮಾಸ್ಟ್ರು ಹಿಂದೆಯೇ ನಿಂತು, ಸರ್ಕಾರಿ ನೌಕರರ ನಡತೆಯ ನಿಯಮ ಉಂಟು, ಸಣ್ಣದರಲ್ಲೇ ಮುಗಿಸಿ ಅಂತ ಮೆಲ್ಲ ಹೇಳುತ್ತಿದ್ದರು.

ಆಗ '4 ಬಿ' ಅಂತ ಕರೆದರು. ನಮ್ಮ ಮನೆಯವರು ಎದ್ದರು. ಅವರ ಹಿಂದೆ ಸಂಘದ ನಾಲ್ಕು ಜನ. ಒಬ್ಬರ ಕೈಯಲ್ಲಿ ಮೈಕು. ಒಬ್ಬರ ಕೈಯಲ್ಲಿ ಹರಿವಾಣ, ಅದರಲ್ಲಿ ಶಾಲು, ಮೈಸೂರು ಪೇಟ, ಹಾರ. ಒಬ್ಬರು ಹಣ್ಣಿನ ಬುಟ್ಟಿ ಹೊತ್ತಿದ್ದರು, ಅದರ ನಡುವೆ ಒಂದು ಅನಾನಸು ತಲೆ ಎತ್ತಿ ನಿಂತಿತ್ತು. ಕೊನೆಯವರ ಹತ್ತಿರ ಎರಡಡಿ ಎತ್ತರದ ಸ್ಮರಣಿಕೆ. ನನ್ನ ಕೈಯಲ್ಲಿದ್ದ ಪಾಯಸದ ಲೋಟ ಅಲ್ಲೇ ನಿಂತಿತು.

ನಮ್ಮ ಟೀಚರಿಗೆ ವಯಸ್ಸು 26. ಕೆಲಸಕ್ಕೆ ಸೇರಿ ಮೂರು ತಿಂಗಳು. ಅವರು ಕಸವಿನ ಸೆಟ್ ಸೀರೆ ಉಟ್ಟು ಮಕ್ಕಳ ಜೊತೆ ನೆಲದಲ್ಲಿ ಕೂತಿದ್ದರು. ಅವರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಪೇಟ ಇಟ್ಟರು, ಅದು ಹುಬ್ಬಿನವರೆಗೆ ಇಳಿಯಿತು. ಹಾರ ಹಾಕಿದರು, ಅದು ಮೊಣಕಾಲಿನವರೆಗೆ ಇಳಿಯಿತು. ಆಮೇಲೆ ನಮ್ಮ ಮನೆಯವರು ಕನ್ನಡಕ ಹಾಕಿ ಸನ್ಮಾನ ಪತ್ರ ಬಿಡಿಸಿದರು.

ನಮ್ಮ ಕಡೆಯ ಸನ್ಮಾನ ಪತ್ರಕ್ಕೆ ಒಂದು ದಾರಿ ಉಂಟು. ಅದು ಮಂಜೇಶ್ವರದ ಗೋವಿಂದ ಪೈಗಳಿಂದ ಹೊರಡಬೇಕು. ಕುಂಬಳೆಯಲ್ಲಿ ಯಕ್ಷಗಾನದ ಕವಿ ಪಾರ್ತಿಸುಬ್ಬನಿಗೆ ಕೈಮುಗಿಯಬೇಕು. ಪೆರಡಾಲದಲ್ಲಿ ಮಾಸ್ಟ್ರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು. ಅಲ್ಲಿಗೆ ಹತ್ತು ನಿಮಿಷ. ಟೀಚರ್ ಹೆಸರು ಇನ್ನೂ ಬಂದಿಲ್ಲ. ಶಿಕ್ಷಕರ ವಿಷಯ ಅಂತ ಈ ಸಲ ಹೊಸತಾಗಿ ರಾಧಾಕೃಷ್ಣನ್ ಅವರನ್ನೂ ಸೇರಿಸಿದ್ದರು. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು, 1921ರಲ್ಲಿ ಕಲ್ಕತ್ತೆಗೆ ಹೊರಟಾಗ ಶಿಷ್ಯರು ಸಾರೋಟಿಗೆ ಹೂವಿನ ಅಲಂಕಾರ ಮಾಡಿ, ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನಿನವರೆಗೆ ಎಳೆದದ್ದು. ಆ ಒಂದು ಕಥೆಗೆ ಮಕ್ಕಳು ಕಣ್ಣು ಬಿಟ್ಟು ಕೇಳಿದರು. "ಅಂಥ ಶಿಷ್ಯರು ಈಗ ಎಲ್ಲಿದ್ದಾರೆ?" ಅಂತ ನಮ್ಮ ಮನೆಯವರು ಮೈಕಿನಲ್ಲಿ ಗುಡುಗಿದರು.

ಇಷ್ಟರವರೆಗೆ ತೊಂದರೆ ಇರಲಿಲ್ಲ. ಆಮೇಲೆ ಗೊತ್ತಾಯಿತು, ಹೊಸತಾಗಿ ಬರೆದದ್ದು ಅಷ್ಟೇ. ಉಳಿದದ್ದು ಹೋದ ವರ್ಷ ನಿವೃತ್ತರಾದ ಪೋಸ್ಟ್ ಮಾಸ್ಟ್ರ ಸನ್ಮಾನ ಪತ್ರ. ಹೆಸರು ಮಾತ್ರ ಬದಲಿಸಿದ್ದರು.

"ಮಳೆ ಬಿಸಿಲೆನ್ನದೆ ಮನೆಮನೆಗೆ ತಲುಪಿಸಿದ ತಮ್ಮ ಸುದೀರ್ಘ ಸೇವೆಯನ್ನು ಈ ಊರು ಮರೆಯಲಾರದು. ತಮ್ಮ ನಿವೃತ್ತ ಜೀವನ ಮೊಮ್ಮಕ್ಕಳೊಂದಿಗೆ ಸುಖಮಯವಾಗಿರಲಿ."

ಚಪ್ಪಾಳೆ. ಮಲಯಾಳಂ ಡಿವಿಜನಿನವರು ಜೋರಾಗಿ ತಟ್ಟಿದರು, ಅವರಿಗೆ ಅರ್ಥ ಆಗಿರಲಿಲ್ಲ. ಟೀಚರಿಗೆ ಪೂರ್ತಿ ಅರ್ಥ ಆಗಿತ್ತು. ಪೇಟದ ಕೆಳಗೆ ಮುಖ ಬಿಳಿಚಿತು. ಅವರು ಹೆಡ್ ಮಾಸ್ಟ್ರ ಕಡೆ ಬಗ್ಗಿ ಕೇಳಿದ್ದು ಮೈಕಿನಲ್ಲಿ ನಮಗೆಲ್ಲ ಕೇಳಿತು.

"ಸರ್, ಓಣಂ ಕಳೆದು ನಾನು ಬರುವುದು ಬೇಡವಾ?"

ಡೈಲಿ ವೇಜಸ್‌ನವರಿಗೆ ಇಂಥ ಭಯ ಸುಮ್ನೆ ಬರುವುದಲ್ಲ. ನೋಡಿ ನನಗೆ ಕಸಿವಿಸಿಯಾಯಿತು. ಹೆಡ್ ಮಾಸ್ಟ್ರು, "ಇಲ್ಲ ಇಲ್ಲ, ಅದು ಹಾಗೆ ಅಲ್ಲ" ಅಂತ ಶಾಲು ಸರಿ ಮಾಡುವ ನೆವದಲ್ಲಿ ಸಮಾಧಾನ ಹೇಳಿದರು.

ಸನ್ಮಾನ ಅಂದ ಮೇಲೆ ಸನ್ಮಾನಕ್ಕೆ ಉತ್ತರ ಬೇಕಲ್ಲ? ಮೈಕು ಟೀಚರ ಕೈಗೆ ಬಂತು. ಅವರು ಬಾಯಿ ತೆರೆದರು, ಸ್ವರ ಹೊರಡಲಿಲ್ಲ. ಬೆಳಗ್ಗಿನಿಂದ ಹಗ್ಗಜಗ್ಗಾಟಕ್ಕೆ ಕಿರುಚಿ ಕಿರುಚಿ ಗಂಟಲು ಹೋಗಿತ್ತು. ಆಗ ನನ್ನ ಮಗಳು ಎದ್ದು ಓಡಿದಳು. ಸ್ಟೀಲಿನ ಕರಡಿಗೆ ತೆರೆದು ಹಿಡಿದು, "ಟೀಚರ್, ಇದು ತಿನ್ನಿ. ಸ್ವರ ಬರ್ತದೆ. ನಮ್ಮ ಅಜ್ಜ ಹೇಳಿದ್ದು" ಅಂದಳು. ಇಡೀ ದಿನದಲ್ಲಿ ಟೀಚರ ಮುಖದಲ್ಲಿ ಆಗ ಒಂದು ನಗು ಕಂಡಿತು. ಅವರು ದೊಡ್ಡ ಹರಳೊಂದನ್ನು ಆರಿಸಿ ಬಾಯಿಗೆ ಹಾಕಿದರು.

ಪಟಿಕ ನಾಲಿಗೆಗೆ ತಾಗಿದರೆ ಏನಾಗುತ್ತದೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಳೆ ಗೇರುಹಣ್ಣು ಹತ್ತನ್ನು ಒಟ್ಟಿಗೆ ಕಚ್ಚಿದ ಹಾಗೆ. ಕೆನ್ನೆ ಎರಡೂ ಒಳಗೆ ಹೋಗುತ್ತವೆ, ಬಾಯಿ ಚೀಲದ ದಾರ ಎಳೆದ ಹಾಗೆ ಮುಚ್ಚಿಕೊಳ್ಳುತ್ತದೆ. ಟೀಚರ ಕಣ್ಣಲ್ಲಿ ನೀರು ತುಂಬಿತು. ಮೈಕು ಹಿಡಿದ ಕೈ ನಡುಗಿತು. ಅವರು ಕಷ್ಟಪಟ್ಟು ಹೇಳಿದ್ದು ಒಂದೇ ಶಬ್ದ, "ಥ್ಯಾಂಕ್ಯೂ". ಅದೂ ಪೂರ್ತಿ ಬರಲಿಲ್ಲ. ಅಲ್ಲಿಂದ ನಳ್ಳಿಯ ಕಡೆ ಓಡಿದರು, ಹಾರ ಎತ್ತಿ ಹಿಡಿದುಕೊಂಡು.

"ಪಾಪ, ಭಾವುಕರಾದರು" ಅಂತ ನಮ್ಮ ಮನೆಯವರು ಮೈಕಿನಲ್ಲಿ ಹೇಳಿದರು. ಹದಿನೈದು ವರ್ಷದಲ್ಲಿ ಕಣ್ಣೀರು ಬಂದ ಮೊದಲ ಸನ್ಮಾನ ಅಂತ ಅವರು ಈಗಲೂ ನಂಬಿದ್ದಾರೆ.

ಕಾರ್ಯಕ್ರಮ ಮುಗಿಯುವಾಗ ಮಳೆ ನಿಂತಿತ್ತು. ಟೀಚರ್ ಬಾಯಿ ತೊಳೆದು, ಎರಡು ಲೋಟ ಪಾಯಸ ಕುಡಿದು ಸರಿಯಾಗಿದ್ದರು. ಸ್ಕೂಟರಿನ ಮುಂದೆ ಹಣ್ಣಿನ ಬುಟ್ಟಿ, ಸೀಟಿನ ಹಿಂದೆ ಸ್ಮರಣಿಕೆ ಕಟ್ಟಿ ಆಯಿತು. ಹಾರ ಇಡಲು ಜಾಗ ಇರಲಿಲ್ಲ, ಕನ್ನಡಿಗೆ ನೇತು ಹಾಕಿದರು. ಸೆಲ್ಫ್ ಒತ್ತಿದರೆ ಸ್ಕೂಟರ್ ಬರೀ ಕೆಮ್ಮಿತು. ಇಡೀ ದಿನ ಮಳೆಯಲ್ಲಿ ನೆನೆದಿತ್ತು. ಗೇರ್ ಇಲ್ಲದ ಸ್ಕೂಟರನ್ನು ತಳ್ಳಿ ಸ್ಟಾರ್ಟ್ ಮಾಡಲೂ ಆಗುವುದಿಲ್ಲ. ಮೆಕ್ಯಾನಿಕ್ ಇರುವುದು ಮೇಲೆ ರಸ್ತೆಯಲ್ಲಿ. ಶಾಲೆ ಇರುವುದು ಗುಂಡಿಯಲ್ಲಿ. ನಡುವೆ ಇರುವುದು ಮುರಕಲ್ಲಿನ ಏರು.

ನಾವು ದೊಡ್ಡವರು ಆ ಕಡೆ ಈ ಕಡೆ ನೋಡುತ್ತಾ ನಿಂತಿದ್ದಾಗ ನಾಲ್ಕನೇ ಕ್ಲಾಸಿನವರು ಏನೋ ಪಿಸುಗುಟ್ಟಿಕೊಂಡರು. ಒಬ್ಬ ಓಡಿ ಹೋಗಿ ಹಗ್ಗಜಗ್ಗಾಟದ ಹಗ್ಗ ತಂದ. ಸ್ಕೂಟರಿನ ಮುಂಭಾಗಕ್ಕೆ ಬಿಗಿದರು. "ಟೀಚರ್, ನೀವು ಕೂತುಕೊಳ್ಳಿ" ಅಂದರು. ಟೀಚರ್ ಬೇಡ ಬೇಡ ಅಂದರು. ಹೆಡ್ ಮಾಸ್ಟ್ರು ಮೊದಲು ಹೂಂ ಅನ್ನಲಿಲ್ಲ. ಆಮೇಲೆ ತಾವೇ ಹಿಂದೆ ನಿಂತು ಸೀಟು ಹಿಡಿದುಕೊಂಡರು. 17 ಮಕ್ಕಳು ಹಗ್ಗ ಹಿಡಿದರು. ಮುಂದಿನಿಂದ ಮಾವೇಲಿ ಓಲೆಕೊಡೆ ಬಿಡಿಸಿ ಹೊರಟ. "ಐಸಾ" ಅಂತ ಯಾರೋ ಕೂಗಿದರು. ಸ್ಕೂಟರ್ ಏರಿತು. ಟೀಚರ್ ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಪೇಟ ಹಿಡಿದುಕೊಂಡಿದ್ದರು. ಈಗ ನಿಜವಾಗಿ ನಗುತ್ತಿದ್ದರು, ಸ್ವರ ಇಲ್ಲದೆ.

ನಮ್ಮ ಮನೆಯವರು ವಿಡಿಯೋ ಮಾಡಲು ಹೋಗಿ ಕೆಸರಿನಲ್ಲಿ ಜಾರಿದರು. ಅದನ್ನು ಬೇರೆಯವರು ವಿಡಿಯೋ ಮಾಡಿದರು.

ಅರ್ಧ ಏರಿನಲ್ಲಿ ಸ್ಕೂಟರ್ ಕುಲುಕಿ ಬುಟ್ಟಿಯಿಂದ ಅನಾನಸು ಹಾರಿತು. ಅದು ಇಳಿಜಾರಿನಲ್ಲಿ ಉರುಳಿ ಉರುಳಿ ಬಂದು ಶಾಲೆಯ ಗೇಟಿಗೆ ತಾಗಿ ನಿಂತಿತು. ಮಗಳು ಅದನ್ನು ಎತ್ತಿಕೊಂಡು ಮೇಲೆ ಓಡುವಷ್ಟರಲ್ಲಿ ಟೀಚರ್ ರಸ್ತೆ ಮುಟ್ಟಿದ್ದರು. ಮೆಕ್ಯಾನಿಕ್ ಪ್ಲಗ್ ಒರೆಸಿದ್ದ, ಸ್ಕೂಟರ್ ಹೊರಟಿತ್ತು. ದೂರದಿಂದಲೇ ಕೈಬೀಸಿ, ಅನಾನಸು ನೀನೇ ಇಟ್ಟುಕೋ ಅಂತ ಸನ್ನೆ ಮಾಡಿದರಂತೆ.

ರಾತ್ರಿ ಅದರ ಮೆಣಸ್ಕಾಯಿ ಮಾಡಿದೆ. ಎಳ್ಳು ಹುರಿದು, ಬೆಲ್ಲ ಸ್ವಲ್ಪ ಜಾಸ್ತಿ ಹಾಕಿ. ಅಪ್ಪ ಎರಡು ಸಲ ಬಡಿಸಿಕೊಂಡರು. ಕೆನ್ನೆಯಲ್ಲಿ ಗಡ್ಡದ ಗಾಯ ಎರಡು ಕಡೆ. ನನ್ನ ಪಟಿಕ ಎಲ್ಲಿ ಹೋಯಿತು ಅಂತ ಬೆಳಗ್ಗಿನಿಂದ ಹುಡುಕುತ್ತಿದ್ದರು.

"ಒಳ್ಳೆ ಅನಾನಸು. ಎಲ್ಲಿಂದ ಬಂತು?"

"ಟೀಚರ್ ಕೊಟ್ಟದ್ದು ಅಜ್ಜ" ಅಂದಳು ಮಗಳು.

ಅಪ್ಪ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು.

"ಈಗ ಟೀಚರುಗಳೇ ಕೊಡಬೇಕಾ?"